ಬೀಟಲ್‌ಗೆ ಹೊಸ 34 ಪಿಕ್ಟ್-3 ಕಾರ್ಬುರೇಟರ್: ಎರಡು ವರ್ಷದ ನಂತರ

ಗಾಡಿ 1972ರ ಫೋಕ್ಸ್‌ವ್ಯಾಗನ್ ಬೀಟಲ್. 1600 ಸಿಸಿ ಡ್ಯುಯಲ್ ಪೋರ್ಟ್ ಎಂಜಿನ್, ರೇಡಿಯೇಟರ್ ಇಲ್ಲ, ತಂಪಾಗುವುದೆಲ್ಲ ಗಾಳಿಯಿಂದಲೇ. ಓಡಾಟ ಹೆಚ್ಚಾಗಿ ಚಿಕ್ಕಬಳ್ಳಾಪುರದ ಸುತ್ತಮುತ್ತ, ಆಗಾಗ ಹೈವೇಯಲ್ಲಿ ಬೆಂಗಳೂರಿಗೆ. ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಹಳೆಯ ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್ ತೆಗೆದು ಅದೇ ಮಾದರಿಯ ಹೊಸ ನಕಲು ಹಾಕಿ ಎರಡು ವರ್ಷ ದಾಟಿತು. ಮಾಲು ಪರವಾಗಿಲ್ಲ. ಆದರೆ ಡಬ್ಬಿಯಿಂದ ತೆಗೆದು ಹಾಗೇ ಕೂರಿಸುವಂಥದ್ದಲ್ಲ.

ಬದಲಿಸಿದ್ದು ಯಾಕೆಂದರೆ ಹಳೆಯದರ ಥ್ರಾಟಲ್ ಶಾಫ್ಟ್ (ಗಾಳಿ ಬಿಡುವ ತಟ್ಟೆಯನ್ನು ತಿರುಗಿಸುವ ಕಂಬಿ) ಸವೆದಿತ್ತು. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ, ತಾನಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಎಂಜಿನ್ ಆಗಷ್ಟೇ ಸ್ಟಾರ್ಟ್ ಮಾಡಿ, ಬಿಸಿಯಾಗುವ ಮುಂಚೆ ಶಾಫ್ಟಿನ ಎರಡೂ ತುದಿಗೆ ಕಾರ್ಬ್ ಕ್ಲೀನರ್ ಚೂರು ಚಿಮ್ಮಿಸಿ. ಆರ್‌ಪಿಎಂ ಬದಲಾದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಮನಿಫೋಲ್ಡ್‌ನ (ಕಾರ್ಬುರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆಯ) ರಬ್ಬರ್ ಬೂಟುಗಳಿಗೂ ಹೀಗೇ ಮಾಡಿ. ಬಿಸಿ ಎಂಜಿನ್ ಮೇಲೆ ಮಾತ್ರ ಬೇಡ, ಬೆಂಕಿ ಹತ್ತುತ್ತದೆ. ಇದಕ್ಕೂ ಮೊದಲು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇದೆಯಾ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟ್ಯಾಪೆಟ್ (ವಾಲ್ವ್‌ನ ಸಂದು) 0.15 ಮಿ.ಮೀ. ಇದೆಯಾ ನೋಡಿಬಿಡಿ. ಕಾರ್ಬುರೇಟರ್ ಕಾಯಿಲೆ ಅಂತ ಬರುವ ಗಾಡಿಗಳಲ್ಲಿ ಎಷ್ಟೋ ಇಗ್ನಿಷನ್ ಕಾಯಿಲೆಯವೇ.

ಈಗ ಹೊಸ ಮಾಲಿನ ಕಥೆ. ಪೆಟ್ರೋಲ್ ಪೈಪ್ ಸೇರಿಸುವ ಹಿತ್ತಾಳೆ ಮೂತಿಯನ್ನು ಮುಚ್ಚಳದೊಳಗೆ ಸುಮ್ನೆ ಒತ್ತಿ ಕೂರಿಸಿರುತ್ತಾರೆ. ಕೈಯಲ್ಲಿ ತಿರುಗಿಸಿ ಎಳೆದರೆ ನನ್ನದು ಅಲ್ಲಾಡಿತು. ಓಡುವಾಗ ಅದು ಕಳಚಿದರೆ ಪೆಟ್ರೋಲ್ ಬೀಳುವುದು ಡಿಸ್ಟ್ರಿಬ್ಯೂಟರ್ ಮೇಲೆ. ಲೇತಿನವರ ಹತ್ತಿರ ಮರೆ (ಥ್ರೆಡ್) ಕೊರೆಸಿ, ಸ್ಕ್ರೂ ಮೂತಿ ಹಾಕಿಸಿದ ಮೇಲೇ ಗಾಡಿಗೆ ಏರಿಸಿದ್ದು. ಮೂರು ಸ್ಟಾರ್ ಕಿತ್ತುಕೊಳ್ಳಲು ಇದೊಂದೇ ಸಾಕಿತ್ತು. ಥ್ರಾಟಲ್ ಸ್ಕ್ರೂವನ್ನೂ ಕಾರ್ಖಾನೆಯಲ್ಲೇ ಜಾಸ್ತಿ ಒಳಗೆ ತಿರುಗಿಸಿಟ್ಟಿದ್ದರು. ಅದು ಚೋಕ್‌ನ ಮೆಟ್ಟಿಲ ಕ್ಯಾಮಿನ ಕೆಳಗಿನ ಮೆಟ್ಟಿಲಿಗೆ ತಾಗಿ, ಆಮೇಲೆ ಕಾಲು ಸುತ್ತು ಹೋದರೆ ಸಾಕು. ಸಣ್ಣ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಕಳಿಸಿ ಎರಡೂವರೆ ಸುತ್ತು ಹೊರಗೆ ತನ್ನಿ. ಐಡ್ಲಿಂಗ್ ವೇಗವನ್ನು ದೊಡ್ಡ ಬೈಪಾಸ್ ಸ್ಕ್ರೂನಿಂದಲೇ 850 ಆರ್‌ಪಿಎಂ ಆಸುಪಾಸಿಗೆ ತರಬೇಕು. ಥ್ರಾಟಲ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬೇಡಿ.

ಮಧ್ಯೆ ಒಂದು ಸಲ ಕಾಲು ತೆಗೆದರೆ ಎಂಜಿನ್ ಆಫ್, ಆಕ್ಸಿಲರೇಟರ್ ಒತ್ತಿದರೆ ಚೆನ್ನಾಗಿ ಓಡುತ್ತಿತ್ತು. ಇಂಥ ಲಕ್ಷಣಕ್ಕೆ ಮೊದಲ ಅನುಮಾನ ಐಡ್ಲಿಂಗ್ ಪೆಟ್ರೋಲ್ ಬಿಡುವ, ತಡೆಯುವ ವಿದ್ಯುತ್ ಕಟ್‌ಆಫ್ ವಾಲ್ವ್ ಮೇಲೆ. ಕೀ ಆನ್ ಮಾಡಿ ಅದರ ವೈರ್ ತೆಗೆದು ಮತ್ತೆ ತಾಗಿಸಿದರೆ ಟಕ್ ಅನ್ನಬೇಕು. ಅಂದಿತು. ಐಡ್ಲಿಂಗ್‌ಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಐಡಲ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ಮುಚ್ಚಿತ್ತು. ನಮ್ಮ ಕಡೆ ಕ್ವಾರಿ, ಕ್ರಷರ್ ಧೂಳು ಗೊತ್ತಲ್ಲ, ಆಯಿಲ್ ಬಾತ್ ಏರ್ ಕ್ಲೀನರ್‌ನಲ್ಲಿ ಎಣ್ಣೆ ಮಟ್ಟ ಸರಿಯಿರಲೇಬೇಕು. ಜೆಟ್‌ಗೆ ತಂತಿ ತೂರಿಸಬೇಡಿ, ಗಾಳಿ ಹೊಡೆಸಿ ಸಾಕು.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ನಂದಿ ಬೆಟ್ಟ. 1,478 ಮೀಟರ್ ಎತ್ತರ, ಡಿಸೆಂಬರ್ ಬೆಳಗಿನ ಮಂಜು. ಮೇಲೆ ಹತ್ತುತ್ತ ಹತ್ತುತ್ತ ಶಕ್ತಿ ಕುಸಿಯಿತು, ಐಡ್ಲಿಂಗ್ ಸತ್ತೇ ಹೋಯಿತು. ನಿಲ್ಲಿಸಿ ಹಿಂದಿನ ಎಂಜಿನ್ ಮುಚ್ಚಳ ಎತ್ತಿದರೆ ಕಾರ್ಬುರೇಟರ್ ಕೆಳಗಿನ ಮನಿಫೋಲ್ಡ್ ಮೇಲೆ ಬಿಳಿ ಹಿಮ! ಬೆರಳು ಒರೆಸಿದರೆ ತಣ್ಣಗೆ ಅಂಟುತ್ತಿತ್ತು. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲದಂತೆ ಓಡಿತು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ, ಗಾಳಿಯ ತೇವ ಒಳಗೇ ಹೆಪ್ಪುಗಟ್ಟುತ್ತದೆ. ಅದಕ್ಕೇ ಸೈಲೆನ್ಸರ್‌ನಿಂದ ಬಿಸಿ ಹೊಗೆ ತಂದು ಮನಿಫೋಲ್ಡ್ ಕಾಯಿಸುವ ಸಣ್ಣ ಕೊಳವೆ ಇರುವುದು. ದೋಸೆ ಹಂಚಿಗೆ ಚಿಮುಕಿಸುವ ಹಾಗೆ ಅದರ ಎರಡೂ ಕಡೆ ನೀರು ಚಿಮುಕಿಸಿದೆ. ಒಂದು ಕಡೆ ಚುರ್ ಅಂದಿತು, ಇನ್ನೊಂದು ಕಡೆ ನೀರು ಹಾಗೇ ನಿಂತಿತು. ಮಸಿ ಕಟ್ಟಿ ಕೊಳವೆ ಮುಚ್ಚಿಹೋಗಿತ್ತು. ಮಸಿ ತೆಗೆಸಿದ ಮೇಲೆ ಬೆಟ್ಟ ತೊಂದರೆ ಕೊಟ್ಟಿಲ್ಲ. ಕಾರ್ಬುರೇಟರ್‌ದು ಇದರಲ್ಲಿ ಏನೂ ತಪ್ಪಿರಲಿಲ್ಲ, ಅಲ್ವಾ?

ಅಂಗಡಿಯವರು ಜೊತೆಗೆ 009 ಡಿಸ್ಟ್ರಿಬ್ಯೂಟರ್ ಕೂಡ ತಗೊಳ್ಳಿ ಅಂದರೆ ಬೇಡ ಅನ್ನಿ. ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್‌ನ ಗಾಳಿ ಸೆಳೆತದಿಂದ ಕಿಡಿಯನ್ನು ಮುಂಚಿತ ಮಾಡುವ ವ್ಯವಸ್ಥೆ) ಇಲ್ಲ. ಈ ಕಾರ್ಬುರೇಟರ್ ಜೊತೆ ಹಾಕಿದರೆ ಆಕ್ಸಿಲರೇಟರ್ ಒತ್ತಿದ ಕ್ಷಣ ಗಾಡಿ ಮುಗ್ಗರಿಸುತ್ತದೆ.

ಹಳೆಯ ಸೋಲೆಕ್ಸ್‌ಗೆ ಆಮೇಲೆ ಹಿತ್ತಾಳೆ ಬುಷ್ ಹಾಕಿಸಿದೆ. ಹಾಕಿ ಓಡಿಸಿ ನೋಡಿದರೆ ಪಿಕಪ್ ಅದರದ್ದೇ ನಯ. ಬುಷ್ ಕೆಲಸ ಬಲ್ಲ ಲೇತಿನವರು ಸಿಕ್ಕರೆ ಹಳೆಯದನ್ನೇ ಉಳಿಸಿಕೊಳ್ಳಿ. ಸಿಗದಿದ್ದರೆ ಇದಕ್ಕೆ ಐದಕ್ಕೆ ಎರಡು ಸ್ಟಾರ್, ಮೂತಿ ಬದಲಿಸಿದ ಮೇಲೆ ಮೂರೂವರೆ. ಈಗ ಬಂಕ್‌ನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್, ಹಳೇ ರಬ್ಬರ್ ಪೈಪ್‌ಗೆ ಅದು ಆಗಿಬರುವುದಿಲ್ಲ. ಕಾರ್ಬುರೇಟರ್ ಬಿಚ್ಚಿದಾಗಲೇ ಪೈಪ್, ಕ್ಲಿಪ್ ಎಲ್ಲ ಹೊಸದು ಹಾಕಿಸಿಬಿಡಿ.