ಗೋಡೆಯ ಪಟ್ಟಿ, ಫೋಟೊ, ಮಾದರಿ ಬೆಸುಗೆ: ಮೂರನ್ನೂ ಬಳಸಿ ನೋಡಿದ ಮೇಲೆ

ಕಾರವಾರದ ನಮ್ಮ ಫ್ಯಾಬ್ರಿಕೇಷನ್ ಶೆಡ್ಡಿಗೆ 8 ಮಿ.ಮೀ. ಪ್ಲೇಟಿನ ಬ್ರ್ಯಾಕೆಟ್‌ಗಳ ದೊಡ್ಡ ಆರ್ಡರ್ ಬಂದಾಗ, ಯಾವ ಬೆಸುಗೆ ಪಾಸು, ಯಾವುದು ಫೇಲು ಎಂಬುದೇ ದಿನನಿತ್ಯದ ತಕರಾರಾಗಿತ್ತು. ಬೆಳಿಗ್ಗೆ ನಾನೇ ಒಪ್ಪಿದಂಥ ಜಾಬನ್ನು ಸಂಜೆ ನಾನೇ ತಿರಸ್ಕರಿಸಿದ್ದೂ ಉಂಟು. ಮಿತಿಯನ್ನು ನನ್ನ ಕಣ್ಣಿನ ಅಂದಾಜಿಗೆ ಬಿಡದೆ ಶೆಡ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಮೊದಲನೆಯದು ಗೋಡೆಗೆ ಅಂಟಿಸಿದ ಪಟ್ಟಿ. ಐಎಸ್‌ಒ 5817 ಮಾನದಂಡದಲ್ಲಿ ಬೆಸುಗೆಯ ದೋಷಗಳಿಗೆ ಬಿ, ಸಿ, ಡಿ ಎಂಬ ಮೂರು ಮಟ್ಟಗಳಿದ್ದು, ಅವುಗಳಲ್ಲಿ ಬಿ ಅತ್ಯಂತ ಕಟ್ಟುನಿಟ್ಟಿನದು. ನಮ್ಮ 8 ಮಿ.ಮೀ. ಪ್ಲೇಟಿಗೆ ಅಂಡರ್‌ಕಟ್‌ನ, ಅಂದರೆ ಬೆಸುಗೆಯ ಅಂಚಿನಲ್ಲಿ ಪ್ಲೇಟು ಕರಗಿ ಬೀಳುವ ಕಚ್ಚಿನ, ಆಳ ಬಿ ಮಟ್ಟದಲ್ಲಿ 0.4 ಮಿ.ಮೀ., ಸಿ ಮಟ್ಟದಲ್ಲಿ 0.5, ಡಿ ಮಟ್ಟದಲ್ಲಿ 1 ಮಿ.ಮೀ. ಮೀರಬಾರದು. ನಾವು ಸಿ ಮಟ್ಟವನ್ನು ಆರಿಸಿಕೊಂಡೆವು. ಗ್ರಾಹಕರ ಕಡೆಯ ಇನ್‌ಸ್ಪೆಕ್ಟರ್ ಬಂದಾಗ ಇದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ಅಂಕಿ ತೋರಿಸಿದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಆದರೆ ಮುಖಕ್ಕೆ ಶೀಲ್ಡ್ ಹಾಕಿಕೊಂಡು ದಿನವಿಡೀ ಕೆಲಸ ಮಾಡುವವನಿಗೆ ಆ ಅಂಕಿ ನೆರವಾಗಲಿಲ್ಲ. ನಮ್ಮ ಹಿರಿಯ ವೆಲ್ಡರ್ ಒಬ್ಬರು, "ಅರ್ಧ ಮಿ.ಮೀ. ಅಂದ್ರೆ ಎಷ್ಟು ಅಂತ ನನ್ನ ಉಗುರಿಗೆ ಗೊತ್ತಾಗೋ ಹಾಗೆ ತೋರಿಸಿ ಸರ್" ಎಂದರು. ಪಟ್ಟಿಯ ಕೊರತೆ ಏನೆಂಬುದು ಆ ಒಂದು ಮಾತಿನಲ್ಲೇ ಇತ್ತು.

ಎರಡನೆಯದು ಬೆಸುಗೆಗಳ ಫೋಟೊ; ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಬಿದ್ದ ಕೋನ ಬದಲಾದರೆ ಅದೇ ಅಂಡರ್‌ಕಟ್ ಒಮ್ಮೆ ಗುಂಡಿಯಂತೆಯೂ ಒಮ್ಮೆ ಬರೀ ನೆರಳಿನಂತೆಯೂ ಕಾಣುತ್ತದೆ. ಹದಿನೈದು ದಿನಗಳಲ್ಲಿ ಅವನ್ನು ತೆಗೆದುಹಾಕಿದೆ.

ಮೂರನೆಯದಾದ ಮಾದರಿ ಬೆಸುಗೆಯಲ್ಲಿ ಮೊದಲ ತಪ್ಪು ನನ್ನದೇ. ನಮ್ಮಲ್ಲಿ ಅತ್ಯಂತ ಚೆನ್ನಾಗಿ ಕೆಲಸ ಮಾಡುವವರಿಂದ, ಮೇಜಿನ ಮೇಲೆ ಆರಾಮವಾಗಿ ಕೂತು ಮಾಡಿಸಿದ ತುಂಡೊಂದನ್ನು ತೂಗುಹಾಕಿದೆ. ಅದು ಮಿತಿಯಾಗಲಿಲ್ಲ, ಸ್ಪರ್ಧೆಯಾಯಿತು. ಹುಡುಗರು ಒಪ್ಪಬಹುದಾದ ಬೆಸುಗೆಯನ್ನೂ ಗ್ರೈಂಡ್ ಮಾಡಿ ಮೇಲೆ ಮತ್ತೊಂದು ರನ್, ಅಂದರೆ ಬೆಸುಗೆಯ ಇನ್ನೊಂದು ಪದರ, ಹಾಕತೊಡಗಿದರು. ಲೆಗ್ (ಮೂಲೆಯ ಬೆಸುಗೆ ಪ್ಲೇಟಿನ ಮೇಲೆ ಚಾಚುವ ಅಳತೆ) 6 ಮಿ.ಮೀ. ಇರಬೇಕಾದಲ್ಲಿ 8 ಆದರೆ ತುಂಬುವ ಲೋಹ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ, ಮೇಲಾಗಿ ಪ್ಲೇಟು ಸೊಟ್ಟಗಾಗುತ್ತದೆ. ಆಮೇಲೆ ಬೇಕೆಂದೇ ಮಿತಿಯ ಅಂಚಿನ ಮಾದರಿಗಳನ್ನು ಮಾಡಿಸಿದೆ: ಅಂಡರ್‌ಕಟ್ ಸರಿಯಾಗಿ ಅರ್ಧ ಮಿ.ಮೀ. ಇರುವ ಒಂದು, ಸುಮಾರು 0.8 ಮಿ.ಮೀ.ನ ಒಂದೇ ರಂಧ್ರವಿರುವ ಮತ್ತೊಂದು, ಲೆಗ್ ಕರಾರುವಾಕ್ಕಾಗಿ 6 ಇರುವ ಇನ್ನೊಂದು. ಪ್ರತಿಯೊಂದರ ಪಕ್ಕದಲ್ಲೂ ಮಿತಿಯನ್ನು ಸ್ವಲ್ಪವೇ ದಾಟಿದ ತುಂಡು. ಎರಡರ ಮೇಲೂ ಉಗುರು ಎಳೆದು ನೋಡಿದವರು ಮತ್ತೆ ನನ್ನನ್ನು ಕೇಳಲು ಬರಲಿಲ್ಲ. ಮಾದರಿಗಳನ್ನು ಜಾಬ್ ನಡೆಯುವ ಸ್ಥಿತಿಯಲ್ಲೇ, ಅಂದರೆ ಲಂಬವಾಗಿ ಹಾಕುವ ಬೆಸುಗೆಯನ್ನು ಪ್ಲೇಟು ನಿಲ್ಲಿಸಿಯೇ, ಮಾಡಿಸಿದ್ದು ಇಲ್ಲಿ ಮುಖ್ಯವಾಯಿತು.

ಆದರೆ ಉಗುರಿಗೆ ಸಿಗುವುದು ಮೇಲ್ಮೈ ಮಾತ್ರ. ಬೆಸುಗೆಗೆ ಗ್ಯಾಸಿನ ರಕ್ಷಣೆ ಕೊಡುವ ಸಿಒ2 ಮೆಷಿನ್‌ನಲ್ಲಿ ವೋಲ್ಟೇಜ್ ಕಡಿಮೆ ಇಟ್ಟು ಹಾಕಿದ ಒಂದು ಮಾದರಿ ಹೊರಗಿನಿಂದ ಎಲ್ಲಕ್ಕಿಂತ ಸುಂದರವಾಗಿತ್ತು. ಅದನ್ನು ಅಡ್ಡಲಾಗಿ ಕೊಯ್ದು, ಎಮರಿ ಹಾಳೆಯಲ್ಲಿ ನಯಮಾಡಿ, ಸ್ಪಿರಿಟ್‌ಗೆ ತುಸು ನೈಟ್ರಿಕ್ ಆಸಿಡ್ ಬೆರೆಸಿದ ದ್ರಾವಣವನ್ನು ಸವರಿದಾಗ, ಬೆಸುಗೆಯ ಲೋಹಕ್ಕೂ ಪ್ಲೇಟಿಗೂ ನಡುವೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ಮೂಡಿತು. ಎರಡೂ ಕರಗಿ ಒಂದಾಗಿರಲೇ ಇಲ್ಲ. ಅಂದಿನಿಂದ ಪ್ರತಿ ಮಾದರಿಯ ಜೊತೆಗೇ ಅದೇ ಸೆಟ್ಟಿಂಗ್‌ನಲ್ಲಿ ಅವಳಿ ತುಂಡೊಂದನ್ನು ಒಂದೇ ಬದಿಗೆ ಬೆಸೆದು, ಬೆಸುಗೆಯ ಬೇರು (ತಳ) ಬಾಯಿಬಿಡುವಂತೆ ಸುತ್ತಿಗೆಯಿಂದ ಮುರಿದು ನೋಡುತ್ತೇವೆ. ಅದು ಸರಿಯಿದ್ದರೆ ಮಾತ್ರ ಮಾದರಿಯ ಮೇಲೆ ಆಂಪಿಯರ್, ವೋಲ್ಟೇಜ್, ವೈರ್ ಅಥವಾ ರಾಡಿನ ಅಳತೆ ಬರೆದು ಕೊಕ್ಕೆಗೆ ಹಾಕುವುದು. ಸೆಟ್ಟಿಂಗ್ ಬದಲಾದರೆ ಆ ಮಾದರಿ ಲೆಕ್ಕಕ್ಕಿಲ್ಲ. ಸಮುದ್ರದ ಗಾಳಿ ಜೋರಾದ ದಿನ ಟಾರ್ಪಾಲು ಕಟ್ಟದೆ ಕೆಲಸ ಮಾಡಿದರೂ ಹಾಗೆಯೇ. ಗಾಳಿಗೆ ಗ್ಯಾಸು ಚದುರಿ ರಂಧ್ರಗಳು ಬರುವುದಕ್ಕೆ ವೆಲ್ಡರನ್ನು ದೂರಿ ಫಲವಿಲ್ಲ.

ಈಗ ಪಟ್ಟಿ ಆಫೀಸಿನಲ್ಲಿದೆ, ಮಾದರಿಗಳು ಕೆಲಸದ ಜಾಗದಲ್ಲಿವೆ. ಮಾದರಿಗೆ ಪಟ್ಟಿಗಿಲ್ಲದ ಒಂದು ಕಾಟ ಈ ಊರಿನಲ್ಲಿದೆ. ಮೊದಲ ಮಳೆಗಾಲದಲ್ಲೇ ಉಪ್ಪುಗಾಳಿಗೆ ತುಕ್ಕು ಹಿಡಿದು ಅಂಡರ್‌ಕಟ್‌ನ ಅಂಚು ಮೊಂಡಾಯಿತು. ತುಕ್ಕು ತಡೆಯಲೆಂದು ಬಣ್ಣ ಬಳಿದರೆ ರಂಧ್ರವೇ ಮುಚ್ಚಿಹೋಯಿತು. ಆದ್ದರಿಂದ ಎಣ್ಣೆ ಸವರಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಇನ್ನೊಂದು ಸೆಟ್ ಕಪಾಟಿನಲ್ಲಿದೆ, ಕೊಕ್ಕೆಯ ಮೇಲಿನವನ್ನು ತಿಂಗಳಿಗೊಮ್ಮೆ ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.