ಗೋಡೆ ಕ್ಯಾಲೆಂಡರ್, ಪಂಚಾಂಗ, ಮೊಬೈಲ್ ಆ್ಯಪ್: ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ವರ್ಷ

ಅಪ್ಪ ತೀರಿಕೊಂಡಿದ್ದು ಬಹುಳ ಪಂಚಮಿ. ಅವರ ಮೊದಲ ವರ್ಷದ ಶ್ರಾದ್ಧಕ್ಕೆ ಗೋಡೆ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಿದ್ದೆ. ಚಿತ್ರದುರ್ಗದಲ್ಲಿರುವ ತಮ್ಮ ರಜೆ ಹಾಕಿಯೂ ಆಗಿತ್ತು. ದರ್ಭೆ, ಎಳ್ಳು ತರಲು ಹೊರಟವನು ಸುಮ್ನೆ ಒಂದು ಮಾತು ಅಂತ ಪುರೋಹಿತರಿಗೆ ಫೋನ್ ಮಾಡಿದೆ. 'ಆ ದಿನ ಅಲ್ಲ, ಹಿಂದಿನ ದಿನ' ಅಂದರು. ನನಗೆ ಎದೆ ಧಸಕ್ ಅಂದಿತು.

ಆಗಿದ್ದು ಇಷ್ಟೇ. ಕ್ಯಾಲೆಂಡರಿನ ಚೌಕದಲ್ಲಿ ಅಚ್ಚಾಗುವುದು ಸೂರ್ಯ ಹುಟ್ಟುವ ಹೊತ್ತಿನ ತಿಥಿ. ಶ್ರಾದ್ಧಕ್ಕೆ ಬೇಕಾದದ್ದು ಅಪರಾಹ್ನದ ತಿಥಿ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ. ನಮ್ಮೂರಲ್ಲಿ ಹೆಚ್ಚುಕಡಿಮೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕು ಗಂಟೆ. ಆ ಸಲ ಪಂಚಮಿ ಹಿಂದಿನ ದಿನ ಮಧ್ಯಾಹ್ನಕ್ಕೆ ಮೊದಲೇ ಶುರುವಾಗಿ, ಕ್ಯಾಲೆಂಡರ್ ತೋರಿಸಿದ ದಿನ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು.

ಹಾಗಾಗಿ ವಿಶ್ವಾವಸು ಸಂವತ್ಸರದ ಯುಗಾದಿಯಿಂದ, ಅಂದರೆ 2025ರ ಮಾರ್ಚ್ 30ರಿಂದ, ಎಲ್ಲವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಬಂದೆ. ಗೋಡೆ ಕ್ಯಾಲೆಂಡರ್, ನಾವು ಕೊಂಡ ದೃಗ್ಗಣಿತ (ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿ ಲೆಕ್ಕ ಹಾಕುವ) ಪಂಚಾಂಗ, ಪಕ್ಕದ ಮನೆಯ ಮಾಧ್ವರು ಬಳಸುವ ಸೂರ್ಯಸಿದ್ಧಾಂತದ (ಆ ಹೆಸರಿನ ಹಳೆಯ ಗಣಿತಗ್ರಂಥದ ಲೆಕ್ಕದ) ಪಂಚಾಂಗ, ಮತ್ತೆ ಮೊಬೈಲ್ ಆ್ಯಪ್.

ಕ್ಯಾಲೆಂಡರ್ ಹಬ್ಬಕ್ಕೆ ಸಾಕು. ರಾಹುಕಾಲಕ್ಕೆ ಸಾಲದು. ಸೋಮವಾರ ಏಳೂವರೆಯಿಂದ ಒಂಬತ್ತು ಅಂತ ವರ್ಷಪೂರ್ತಿ ಒಂದೇ ಲೆಕ್ಕ. ಇದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಅಂತ ಹಿಡಿದು, ಹಗಲನ್ನು ಎಂಟು ಪಾಲು ಮಾಡಿದ್ದು. ಸೋಮವಾರಕ್ಕೆ ಎರಡನೇ ಪಾಲು. ಜೂನ್ ಶುರುವಿನಲ್ಲಿ ದಾವಣಗೆರೆಗೆ ಇದು ಹೆಚ್ಚುಕಡಿಮೆ ಸರಿ. ಆದರೆ ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ 6.55ರ ಸುಮಾರಿಗೆ. ಆಗ ಸೋಮವಾರದ ರಾಹುಕಾಲ 8.20ರಿಂದ 9.45ರವರೆಗೆ ಬರುತ್ತದೆ. ಮಗಳು ಹೊಸ ಕೆಲಸಕ್ಕೆ ಸೇರಲು ಹೊರಟಿದ್ದು ಸಂಕ್ರಾಂತಿ ಕಳೆದ ಸೋಮವಾರ. ಕ್ಯಾಲೆಂಡರ್ ನಂಬಿ ಒಂಬತ್ತು ದಾಟಿತು ಅಂತ ಹೊರಡಿಸಿದ್ದರೆ ಸರಿಯಾಗಿ ನಡುವೆ ಸಿಕ್ಕಿಕೊಳ್ಳುತ್ತಿದ್ದಳು. ಏಳು ಗಂಟೆಗೇ ಕಳಿಸಿದೆವು.

ಇಂಥ ಲೆಕ್ಕದಲ್ಲಿ ಆ್ಯಪ್ ಎಲ್ಲಕ್ಕಿಂತ ಮುಂದೆ. ಊರು ಸರಿಯಾಗಿ ಹಾಕಿರಬೇಕು ಅಷ್ಟೇ. ನನ್ನದರಲ್ಲಿ ಮೊದಲೇ ಉಜ್ಜಯಿನಿ ಅಂತ ಇತ್ತು, ನಾನು ಗಮನಿಸಿರಲಿಲ್ಲ. ಕೊಟ್ಟೂರು ಕಡೆಯ ನಮ್ಮ ಉಜ್ಜಿನಿ ಅಲ್ಲ, ಮಧ್ಯಪ್ರದೇಶದ್ದು. ಹಳೆಯ ಗಣಿತದವರು ಲೆಕ್ಕ ಹಿಡಿಯುತ್ತಿದ್ದ ಮಧ್ಯರೇಖೆ ಆ ಊರಿನ ಮೇಲೇ ಹೋಗುತ್ತದೆ. ಅದರ ರೇಖಾಂಶ 75.8 ಡಿಗ್ರಿ, ದಾವಣಗೆರೆಯದ್ದು 75.9. ಹರಿಹರವಂತೂ ಸರಿಸುಮಾರು ಆ ರೇಖೆಯ ಮೇಲೇ ಕೂತಿದೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎರಡೂ ಊರಿಗೆ ಸೂರ್ಯ ನೆತ್ತಿಗೆ ಬರುವುದು ಒಟ್ಟೊಟ್ಟಿಗೆ.

ಚಂದ್ರೋದಯ ಮಾತ್ರ ಬೇರೆ, ಯಾಕಂದರೆ ಉಜ್ಜಯಿನಿ ನಮಗಿಂತ ಬಹಳ ಉತ್ತರಕ್ಕಿದೆ. ಡಿಸೆಂಬರಿನ ಸಂಕಷ್ಟಿಗೆ ಹೆಂಡತಿ ಆರತಿ ತಟ್ಟೆ ಹಿಡಿದು ತಾರಸಿಗೆ ಬಂದಳು. ಬೆಳಿಗ್ಗೆಯಿಂದ ಉಪವಾಸ. ಆ್ಯಪ್ ಹೇಳಿದ ಸಮಯ ಆಯಿತು, ಮೂಡಣದಲ್ಲಿ ಏನೂ ಇಲ್ಲ. ಗಾಳಿಗೆ ದೀಪ ಎರಡು ಸಲ ಆರಿತು. ಕಾಲು ಗಂಟೆಗೂ ಜಾಸ್ತಿ ಕಾದ ಮೇಲೆ ಮನೆಗಳ ಸಾಲಿನ ಹಿಂದೆ ಕೆಂಪಗೆ ಒಂದು ಅಂಚು ಕಂಡಿತು. ಊರು ಬದಲಿಸಿ ದಾವಣಗೆರೆ ಹಾಕಿದ ಮೇಲೆ ಮತ್ತೆ ಹೀಗಾಗಲಿಲ್ಲ.

ಎರಡು ಪಂಚಾಂಗಗಳ ಜಗಳ ಬೇರೆ ಥರದ್ದು. ಒಂದೇ ತಿಥಿ ಮುಗಿಯುವ ಹೊತ್ತು ಕೆಲವು ದಿನ ಗಂಟೆಗಟ್ಟಲೆ ಆಚೀಚೆ. ಸೂರ್ಯಸಿದ್ಧಾಂತದವರದ್ದು 'ಬಾಣವೃದ್ಧಿ ರಸಕ್ಷಯ' ಅನ್ನುವ ಸೂತ್ರ; ಬಾಣ ಅಂದರೆ ಐದು, ರಸ ಅಂದರೆ ಆರು. ಒಂದು ತಿಥಿಯ ಅರವತ್ತು ಘಳಿಗೆಗೆ ಐದು ಹೆಚ್ಚಬಹುದು, ಆರು ಇಳಿಯಬಹುದು. ಘಳಿಗೆಗೆ 24 ನಿಮಿಷ, ಅಂದರೆ ತಿಥಿ ಇಪ್ಪತ್ತೊಂದೂವರೆ ಗಂಟೆಗಿಂತ ಕಮ್ಮಿ ಆಗುವ ಹಾಗಿಲ್ಲ. ಆಕಾಶದಲ್ಲಿ ನಿಜವಾಗಿ ಅಳೆದರೆ ಅದು ಇಪ್ಪತ್ತು ಗಂಟೆಗೂ ಇಳಿಯುತ್ತದೆ. ದೃಗ್ಗಣಿತ ಹಿಡಿಯುವುದು ಅದನ್ನು. ಗ್ರಹಣ ಬಂದರೆ ಈ ಜಗಳ ಇಲ್ಲ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ನಮ್ಮ ಪುಸ್ತಕ, ಅವರ ಪುಸ್ತಕ, ಆ್ಯಪ್ ಎಲ್ಲದರಲ್ಲೂ ಸ್ಪರ್ಶ, ಅಂದರೆ ಗ್ರಹಣ ಹಿಡಿಯುವ ಹೊತ್ತು, ರಾತ್ರಿ 9.57.

ನಾನು ದೃಗ್ಗಣಿತದ ಕಡೆ. ಕಣ್ಣಿಗೆ ಕಾಣುವ ಚಂದ್ರನಿಗೆ ಹತ್ತಿರ ಇರುವ ಲೆಕ್ಕವೇ ನನಗೆ ಒಪ್ಪಿಗೆ. ಪಕ್ಕದ ಮನೆಯ ಹಿರಿಯರು ಮಠ ಹೇಳಿದ್ದನ್ನು ಬಿಡುವುದಿಲ್ಲ. ಅವರ ನಿಷ್ಠೆ ಬಗ್ಗೆ ನನಗೆ ಗೌರವ ಇದೆ. ಏಕಾದಶಿ ಬೇರೆ ಬೇರೆ ದಿನ ಬಂದರೆ ಅದು ಯಾವಾಗಲೂ ಗಣಿತದ ತಪ್ಪಲ್ಲ. ಸ್ಮಾರ್ತರಾದ ನಾವು ಸೂರ್ಯೋದಯ ನೋಡುತ್ತೇವೆ, ಅವರು ಅದಕ್ಕೆ ನಾಲ್ಕು ಘಳಿಗೆ ಮೊದಲಿನ ಅರುಣೋದಯದಲ್ಲಿ ದಶಮಿಯ ಸೋಂಕು ಇದೆಯೇ ಅಂತ ನೋಡುತ್ತಾರೆ.

ಆದರೆ ಆ್ಯಪ್‌ನಲ್ಲಿ ಇಲ್ಲದ ಒಂದು ಸಾಲು ನಮ್ಮ ಎರಡು ಪಂಚಾಂಗದಲ್ಲೂ ಇತ್ತು. ಪ್ರತಿ ದಿನದ ಎದುರಿಗೆ ಸಣ್ಣಕ್ಷರದಲ್ಲಿ ಶ್ರಾದ್ಧತಿಥಿ. ಆ್ಯಪ್ ತಿಥಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ನಿಮಿಷ ಬಿಡದೆ ಹೇಳಿತು. ಅಪ್ಪನಿಗೆ ಪಿಂಡ ಇಡುವುದು ಯಾವ ದಿನ ಅಂತ ಹೇಳಿದ್ದು ಪುಸ್ತಕ. ನನಗೆ ಬೇಕಾಗಿದ್ದು ಅದೇ ಅಲ್ವಾ?

ಈ ಸಲ ಯುಗಾದಿ ಮಾರ್ಚ್ 19ಕ್ಕೆ ಬಂತು. ಪರಾಭವ ಸಂವತ್ಸರದ ಪಂಚಾಂಗ ಮೊದಲೇ ತಂದಿಟ್ಟಿದ್ದೆ. ಬೇವು-ಬೆಲ್ಲ ಆದ ಮೇಲೆ, ಮಳೆ-ಬೆಳೆಯ ಫಲ ಓದುವುದಕ್ಕೂ ಮುಂಚೆ, ಅಪ್ಪನ ಪಂಚಮಿ ಹುಡುಕಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಆ್ಯಪ್‌ನಲ್ಲಿ ದಾವಣಗೆರೆಯ ಸೂರ್ಯೋದಯ, ಸೂರ್ಯಾಸ್ತ ನೋಡಿ ಅಪರಾಹ್ನದ ಹೊತ್ತನ್ನು ಪಕ್ಕದಲ್ಲಿ ಬರೆದೆ. ಆ ಪುಟದ ಫೋಟೋ ತೆಗೆದು ತಮ್ಮನಿಗೆ ಕಳಿಸಿ, ಹಿಂದಿನ ರಾತ್ರಿಯೇ ಬಂದುಬಿಡು ಅಂದೆ.