ಕಲಬುರಗಿ ಬಿಸಿಲಲ್ಲಿ ಮಿನಿಮೆಡ್ 780ಜಿ ಪಂಪು

‘ಕೃತಕ ಮೇದೋಜೀರಕ ಗ್ರಂಥಿ’ ಅನ್ನುವ ಹೆಸರು ಈ ಯಂತ್ರಕ್ಕೆ ಸ್ವಲ್ಪ ದೊಡ್ಡದಾಯಿತು. ಮೆಡ್‌ಟ್ರಾನಿಕ್ ಕಂಪನಿಯ ಮಿನಿಮೆಡ್ 780ಜಿ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕೊಡುವ ಪಂಪು, ಅದೂ ಅರ್ಧ ಸ್ವಯಂಚಾಲಿತ. ಚರ್ಮದಡಿಯ ಸೆನ್ಸರ್ ಸಕ್ಕರೆ ಅಳೆಯುತ್ತದೆ. ಸೊಂಟದಲ್ಲಿರುವ ಪಂಪು 5 ನಿಮಿಷಕ್ಕೊಮ್ಮೆ ಆ ಅಂಕಿ ನೋಡಿ ಬೇಸಲ್ (ದಿನವಿಡೀ ಹನಿಹನಿಯಾಗಿ ಹೋಗುವ) ಇನ್ಸುಲಿನ್ ಏರಿಸುತ್ತದೆ, ಇಳಿಸುತ್ತದೆ. ಅಷ್ಟಕ್ಕೂ ಸಕ್ಕರೆ 120ರ (ಮಿಗ್ರಾಂ/ಡೆಸಿಲೀಟರ್) ಮೇಲೇ ನಿಂತರೆ ತಾನೇ ಸಣ್ಣ ಬೋಲಸ್ (ಒಮ್ಮೆಲೇ ಹೋಗುವ ಡೋಸು) ಕೊಡುತ್ತದೆ. ಆದರೆ ತಟ್ಟೆಯಲ್ಲಿ ಎಷ್ಟು ಕಾರ್ಬ್ (ಕಾರ್ಬೊಹೈಡ್ರೇಟ್) ಇದೆ ಅನ್ನುವುದನ್ನು ನೀವೇ ಗುಂಡಿ ಒತ್ತಿ ಹೇಳಬೇಕು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಪಡೆದ 670ಜಿ ಇದರ ಹಿರಿಯಣ್ಣ. ಅದಕ್ಕೆ ತಾನಾಗಿ ಬೋಲಸ್ ಕೊಡಲು ಬರುತ್ತಿರಲಿಲ್ಲ, ಗುರಿಯೂ 120 ಒಂದೇ. ಹೊಸದರಲ್ಲಿ 100, 110, 120 ಹೀಗೆ ಮೂರು ಗುರಿಗಳಿವೆ, ವ್ಯಾಯಾಮದ ಹೊತ್ತಿಗೆ ತಾತ್ಕಾಲಿಕವಾಗಿ 150.

ಇದರ ನಿಜವಾದ ಕಸುಬು ರಾತ್ರಿಯದು. ಊಟದ ಗೊಂದಲ ಇಲ್ಲ, ಓಡಾಟ ಇಲ್ಲ. ರಾತ್ರಿ ಎರಡು ಗಂಟೆಗೆ ಸಕ್ಕರೆ ಇಳಿಯತೊಡಗಿದರೆ ಪಂಪು ಮೊದಲೇ ಇನ್ಸುಲಿನ್ ತಡೆಹಿಡಿಯುತ್ತದೆ, ಬೆಳಗಿನ ಜಾವದ ಏರಿಕೆಗೆ ಹೆಚ್ಚಿಸುತ್ತದೆ. ಮಗುವಿನ ಬೆರಳು ಚುಚ್ಚಲು ಅಲಾರಂ ಇಟ್ಟು ಏಳುವ ತಾಯಂದಿರಿಗೆ ಇದೊಂದೇ ಸಾಕು, ದುಡ್ಡು ವಸೂಲಿ.

ಮೊದಲ 48 ಗಂಟೆ ಮ್ಯಾನುಯಲ್‌ನಲ್ಲೇ ನಡೆಸಬೇಕು, ಆಮೇಲಷ್ಟೇ ಸ್ಮಾರ್ಟ್‌ಗಾರ್ಡ್, ಅಂದರೆ ಪಂಪು ತಾನೇ ಇನ್ಸುಲಿನ್ ಏರಿಳಿಸುವ ಆಟೊ, ಶುರು. ದಿನಕ್ಕೆ 8 ಯುನಿಟ್‌ಗಿಂತ ಕಡಿಮೆ ಇನ್ಸುಲಿನ್ ಬೇಕಾಗುವ ಪುಟ್ಟ ಮಕ್ಕಳಿಗೆ ಅದು ಕೆಲಸ ಮಾಡುವುದಿಲ್ಲ. ಆಟೊದಲ್ಲಿ ನಿಮ್ಮ ಕೈಗೆ ಸಿಗುವ ಹಿಡಿಗಳು ಮೂರು: ಗುರಿ, ಕಾರ್ಬ್ ಅನುಪಾತ (ಒಂದು ಯುನಿಟ್ ಎಷ್ಟು ಗ್ರಾಂ ಕಾರ್ಬ್‌ಗೆ), ಆಕ್ಟಿವ್ ಇನ್ಸುಲಿನ್ ಸಮಯ (ಕೊಟ್ಟ ಬೋಲಸ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂದು ಪಂಪು ಹಿಡಿಯುವ ಲೆಕ್ಕ). ಬಹಳ ಜನ ಈ ಕೊನೆಯದನ್ನು ಹೆದರಿಕೆಯಿಂದ 4 ಗಂಟೆಗೆ ಇಟ್ಟು, ಆಮೇಲೆ ‘ಪಂಪು ಏನೂ ಮಾಡ್ತಿಲ್ಲ’ ಅನ್ನುತ್ತಾರೆ. ಗುರಿ 100, ಸಮಯ 2 ಗಂಟೆ ಇಟ್ಟಾಗಲೇ ಇದು ಚುರುಕಾಗಿ ಓಡುತ್ತದೆ. ವೈದ್ಯರ ಜೊತೆ ಕೂತು ಅಲ್ಲಿಗೆ ತನ್ನಿ. ಸಕ್ಕರೆ 70ರಿಂದ 180ರ ನಡುವೆ ದಿನದ ಶೇ. 70 ಹೊತ್ತು ಇದ್ದರೆ ಸರಿಯಾದ ದಾರಿ. ಆಟೊದಲ್ಲಿ ಮ್ಯಾನುಯಲ್ ಬೇಸಲ್ ಬದಲಿಸಿದರೆ ಏನೂ ಆಗದು. ಹಾಗಂತ ಅದನ್ನು ಹಳೆಯದೇ ಬಿಡಬೇಡಿ: ಸೆನ್ಸರ್ ಕೈಕೊಟ್ಟರೆ 4 ಗಂಟೆಯೊಳಗೆ ಪಂಪು ಮ್ಯಾನುಯಲ್‌ಗೆ ಮರಳುತ್ತದೆ.

ಈಗ ರೊಟ್ಟಿಯ ವಿಷಯ. ಜೋಳದ ಹಿಟ್ಟು 100 ಗ್ರಾಂಗೆ ಸುಮಾರು 68 ಗ್ರಾಂ ಕಾರ್ಬ್. 50 ಗ್ರಾಂ ಹಿಟ್ಟಿನ ರೊಟ್ಟಿ ಅಂದರೆ ಸುಮಾರು 34. ಮನೆಯ ರೊಟ್ಟಿ ಎಷ್ಟು ಹಿಟ್ಟಿನದು ಎಂದು ಒಂದು ವಾರ ತಕ್ಕಡಿಯಲ್ಲಿ ತೂಗಿ, ಆಮೇಲೆ ಕಣ್ಣಳತೆ ಸಾಕು. ತೊಗರಿಬೇಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ನಮ್ಮ ಕಡೆ ಅದನ್ನು ಮರೆಯುವುದೇ ಹೆಚ್ಚು. ಬೋಲಸ್ ಊಟಕ್ಕೆ 15 ನಿಮಿಷ ಮೊದಲು. ಮರೆತು ಉಂಡಿರಾದರೆ ಪಂಪು ಏರಿಕೆ ಕಂಡು ಆಗಲೇ ಇನ್ಸುಲಿನ್ ಸುರಿಯಲು ಶುರು ಮಾಡಿರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಪೂರ್ತಿ ಬೋಲಸ್ ಒತ್ತಿದರೆ ಎರಡೂ ಸೇರಿ ಲೋ ಆಗುತ್ತದೆ, ಅಂದರೆ ಸಕ್ಕರೆ ತೀರಾ ಇಳಿಯುತ್ತದೆ. ಅಷ್ಟು ತಡವಾದರೆ ಪಂಪಿಗೆ ಅರ್ಧ ಕಾರ್ಬ್ ಮಾತ್ರ ಹೇಳಿ. ಒಂದು ಗಂಟೆ ದಾಟಿದ್ದರೆ ಪಂಪಿಗೇ ಬಿಡಿ. ಮಿರ್ಚಿ ಭಜಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಜಿಡ್ಡು ಮೂರು ನಾಲ್ಕು ಗಂಟೆ ಬಿಟ್ಟು ಸಕ್ಕರೆ ಏರಿಸುತ್ತದೆ. ಆ ತಡವಾದ ಏರಿಕೆಯನ್ನು ಇದು ಚೆನ್ನಾಗಿ ನಿಭಾಯಿಸುತ್ತದೆ, ಸುಳ್ಳು ಕಾರ್ಬ್ ಸೇರಿಸುವ ಜಾಣತನ ಬೇಡ. ಎಳ್ಳ ಅಮಾವಾಸ್ಯೆಯ ಹೊಲದೂಟಕ್ಕೆ ಮಾತ್ರ ಯಾವ ಅಲ್ಗಾರಿದಮ್ಮೂ ಸಾಲದು.

ಲೋ ಆದಾಗ ಹಳೆಯ ಅಳತೆ ಬಿಡಿ. ಪಂಪು ಮೊದಲೇ ಇನ್ಸುಲಿನ್ ನಿಲ್ಲಿಸಿರುವುದರಿಂದ 15 ಗ್ರಾಂ ಬದಲು 5ರಿಂದ 10 ಗ್ರಾಂ, ಅಂದರೆ ನೀರಿಗೆ ಒಂದೆರಡು ಚಹಾ ಚಮಚ ಸಕ್ಕರೆ ಸಾಮಾನ್ಯವಾಗಿ ಸಾಕು. ಹೆಚ್ಚು ತಿಂದರೆ ಏರಿ, ಪಂಪು ಮತ್ತೆ ಹೊಡೆದು, ಮತ್ತೆ ಇಳಿಯುತ್ತದೆ.

ಈ ಯಂತ್ರಕ್ಕೆ ನಮ್ಮೂರಲ್ಲಿ ದೊಡ್ಡ ಶತ್ರು ಬೇಸಿಗೆ. ಪಂಪಿನ ಮಿತಿ 40 ಡಿಗ್ರಿ, ಒಳಗಿನ ಇನ್ಸುಲಿನ್‌ನ ಮಿತಿ 37. ಮೇ ತಿಂಗಳ ಕಲಬುರಗಿ ಎರಡನ್ನೂ ಮೀರುತ್ತದೆ. ಬಿಸಿಯಾದ ಇನ್ಸುಲಿನ್ ನೋಡಲು ತಿಳಿಯಾಗಿಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಪಂಪು ‘ಕೊಟ್ಟಿದ್ದೇನೆ’ ಅನ್ನುತ್ತದೆ, ಸಕ್ಕರೆ ಇಳಿಯುವುದಿಲ್ಲ. ಪಂಪನ್ನು ಬಟ್ಟೆಯೊಳಗೆ ಇಡಿ, ಬೈಕಿನ ಡಿಕ್ಕಿಗಾಗಲಿ ನಿಂತ ಕಾರಿನೊಳಗಾಗಲಿ ಬೇಡ. ಏಪ್ರಿಲ್, ಮೇನಲ್ಲಿ ರಿಸರ್ವಾಯರ್‌ಗೆ (ಪಂಪಿನೊಳಗೆ ಇನ್ಸುಲಿನ್ ತುಂಬುವ ಕೊಳವೆ) 300 ಯುನಿಟ್ ತುಂಬದೆ ಎರಡು ದಿನಕ್ಕೆ ಬೇಕಾದಷ್ಟೇ ತುಂಬಿ, ಎರಡು ದಿನಕ್ಕೆ ಬದಲಿಸಿ. ಸೆನ್ಸರ್ ಡಬ್ಬಿ ಇಡಬೇಕಾದದ್ದು 2ರಿಂದ 30 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಅದರ ಜಾಗ ಫ್ರಿಜ್ಜೇ. ಹಚ್ಚುವ ಮೊದಲು ಹೊರಗಿಟ್ಟು ತಣುಪು ಹೋಗಲು ಬಿಡಿ. ಬೆವರಿಗೆ ಅಂಟು ಬಿಡುತ್ತದೆ: ಸೋಪಿನಲ್ಲಿ ತೊಳೆದು ಒಣಗಿಸಿ, ಎಣ್ಣೆ ಪೌಡರ್ ಇಲ್ಲದ ಚರ್ಮಕ್ಕೆ ಹಚ್ಚಿ, ಮೇಲೊಂದು ಟೇಪ್.

ಸೆಟ್ಟು (ಪಂಪಿನಿಂದ ಮೈಗೆ ಇನ್ಸುಲಿನ್ ಒಯ್ಯುವ ಕೊಳವೆ) ಬದಲಿಸುವುದು ಬೆಳಿಗ್ಗೆ, ಮಲಗುವ ಮುಂಚೆ ಬೇಡ. ಚರ್ಮದೊಳಗಿನ ಸಣ್ಣ ನಳಿಕೆ, ಅಂದರೆ ಕ್ಯಾನುಲಾ, ಮಡಚಿದ್ದರೆ ಹಗಲಲ್ಲಾದರೂ ಗೊತ್ತಾಗುತ್ತದೆ. ಫ್ರಿಜ್ಜಿನ ತಣ್ಣನೆಯ ಇನ್ಸುಲಿನ್ ತುಂಬಿದರೆ ಗುಳ್ಳೆ ಏಳುತ್ತವೆ, ಕೋಣೆಯ ಬಿಸಿಗೆ ಬಂದಮೇಲೆ ತುಂಬಿ. ಕ್ವಿಕ್‌ಸೆಟ್ ಎಂಬ ಸೆಟ್ಟಿನ 6 ಮಿಮೀ ಕ್ಯಾನುಲಾ ತುಂಬಲು 0.3 ಯುನಿಟ್, 9 ಮಿಮೀಗೆ 0.5. ಹ್ಯೂಮಲಾಗ್, ನೋವೊರ್‍ಯಾಪಿಡ್ ತರಹದ 100ರ (ಮಿಲಿಲೀಟರಿಗೆ 100 ಯುನಿಟ್) ಇನ್ಸುಲಿನ್ ಮಾತ್ರ ಬಳಸಬೇಕು. ಔಷಧದ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 40ರ ಬಾಟಲಿ ತುಂಬಿದರೆ ಪಂಪು 10 ಯುನಿಟ್ ಅಂದಾಗ ಮೈಗೆ ಹೋಗುವುದು ನಾಲ್ಕೇ.

ಸಕ್ಕರೆ 250 ದಾಟಿ ಗಂಟೆ ಎರಡು ಗಂಟೆಯಲ್ಲಿ ಇಳಿಯದಿದ್ದರೆ ಪಂಪನ್ನು ನಂಬಬೇಡಿ. ಕೀಟೋನ್ (ಇನ್ಸುಲಿನ್ ಸಾಲದಾಗ ಮೈಯಲ್ಲಿ ಸೇರುವ ಆಮ್ಲ) ನೋಡಿ, ಬೇಗ ಕೆಲಸ ಮಾಡುವ ಇನ್ಸುಲಿನ್‌ನ ಪೆನ್ನಿನಿಂದ ಚುಚ್ಚಿಕೊಳ್ಳಿ, ಆಮೇಲೆ ಪೂರ್ತಿ ಸೆಟ್ಟು ಬದಲಿಸಿ. ಪೆನ್ನಿನ ಡೋಸು ಪಂಪಿಗೆ ಗೊತ್ತಿರುವುದಿಲ್ಲ, ಅದು ಮುಗಿಯುವವರೆಗೆ ಮ್ಯಾನುಯಲ್‌ನಲ್ಲಿರಿ. ಮೈಯಲ್ಲಿ ದೀರ್ಘಾವಧಿ ಇನ್ಸುಲಿನ್ ಇಲ್ಲದ ಕಾರಣ ಪಂಪಿನವರಿಗೆ ಕೀಟೋಅಸಿಡೋಸಿಸ್ (ಕೀಟೋನ್ ಏರಿ ಪ್ರಾಣಕ್ಕೇ ಅಪಾಯ ತರುವ ಸ್ಥಿತಿ) ಕೆಲವೇ ಗಂಟೆಗಳಲ್ಲಿ ಬರುತ್ತದೆ. ವಾಂತಿ ಶುರುವಾದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ.

ಜ್ವರಕ್ಕೆ ಡೋಲೊ ನುಂಗುವ ಮುಂಚೆ ಯೋಚಿಸಿ. ಅದರಲ್ಲಿರುವ ಪ್ಯಾರಾಸಿಟಮಾಲ್ ಈ ಪಂಪಿನ ಗಾರ್ಡಿಯನ್ ಸೆನ್ಸರ್‌ಗೆ ಸಕ್ಕರೆಯಂತೆ ಕಾಣುತ್ತದೆ. ಇಲ್ಲದ ಏರಿಕೆಗೆ ಪಂಪು ಇನ್ಸುಲಿನ್ ಸುರಿಯುತ್ತದೆ. ತೆಗೆದುಕೊಳ್ಳಲೇಬೇಕಾದರೆ ವೈದ್ಯರನ್ನು ಕೇಳಿ, ಸ್ಮಾರ್ಟ್‌ಗಾರ್ಡ್ ಆರಿಸಿ, ಬೆರಳು ಚುಚ್ಚಿ ನೋಡಿ. ಎಂಆರ್‌ಐ, ಸಿಟಿ, ಎಕ್ಸ್‌ರೇಗೆ ಪಂಪು ಸೆನ್ಸರ್ ಎಲ್ಲಾ ಬಿಚ್ಚಬೇಕು.

ಕೊಳ್ಳುವ ಮುಂಚೆ ಪಂಪಿನ ಬೆಲೆಯೊಂದನ್ನೇ ಕೇಳಬೇಡಿ, ವರ್ಷದ ಖರ್ಚು ಕೇಳಿ. ಗಾರ್ಡಿಯನ್ ಸೆನ್ಸರ್ 7 ದಿನಕ್ಕೊಂದು, ವರ್ಷಕ್ಕೆ 52. ಸೆಟ್ಟು ಮೂರು ದಿನಕ್ಕೊಂದರಂತೆ 122, ಬೇಸಿಗೆಯ ಲೆಕ್ಕ ಹಿಡಿದರೆ ಇನ್ನೂ ಹೆಚ್ಚು. ಇದು ನೀಗದಿದ್ದರೆ ಪಂಪು ಡಬ್ಬಿ ಸೇರುತ್ತದೆ. ಸೆನ್ಸರ್ ಗಾರ್ಡಿಯನ್ 4 ಹೌದೇ ನೋಡಿ. 3 ಆದರೆ ದಿನವೂ ಬೆರಳು ಚುಚ್ಚಿ ಹೊಂದಿಸುವುದು ತಪ್ಪಿದ್ದಲ್ಲ. ಪಂಪಿಗೆ ಒಂದು ಎಎ ಬ್ಯಾಟರಿ ಸಾಕು, ಕರೆಂಟಿನ ಹಂಗಿಲ್ಲ. ವರದಿಯನ್ನು ಕಂಪನಿಯ ಕೇರ್‌ಲಿಂಕ್ ಜಾಲತಾಣಕ್ಕೆ ಏರಿಸಿದರೆ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೂತ ವೈದ್ಯರು ಅಲ್ಲಿಂದಲೇ ನೋಡಬಹುದು, ಈ ಭಾಗದವರಿಗೆ ಅದು ಸಣ್ಣ ಮಾತಲ್ಲ. ಸಾಮಾನು ಹೊರಗಿನಿಂದ ಬರುವುದರಿಂದ ಒಂದು ತಿಂಗಳ ಸೆಟ್ಟು ಸೆನ್ಸರ್ ಯಾವಾಗಲೂ ಮನೆಯಲ್ಲಿರಲಿ. ಜೊತೆಗೆ ಒಂದು ಲ್ಯಾಂಟಸ್ (ದೀರ್ಘಾವಧಿ ಇನ್ಸುಲಿನ್) ಪೆನ್ನೂ ಇರಲಿ, ಪಂಪು ನಿಂತರೆ ಅದು ಎಷ್ಟು ಯುನಿಟ್ ಅನ್ನುವ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.